ಬಂಕ್ ಪಕ್ಕದ ಬೋರ್‌ವೆಲ್: ನೀರು ಕೆಡುವ ಮೊದಲೇ ಕೇಳೋಣ

ಹೆದ್ದಾರಿ ಬದಿಯ ನಮ್ಮ ಹಳ್ಳಿಗಳಲ್ಲಿ ಪೆಟ್ರೋಲ್ ಬಂಕ್‌ಗಳು ಒಂದರ ಹಿಂದೆ ಒಂದು ಏಳುತ್ತಿವೆ. ಬೇಡ ಎನ್ನುವವಳು ನಾನಲ್ಲ. ಹಾಲಿನ ಟ್ಯಾಂಕರ್‌ಗೂ ಡೀಸೆಲ್ ಬೇಕು, ನಮ್ಮ ಟ್ರ್ಯಾಕ್ಟರಿಗೂ ಬೇಕು. ಆದರೆ ಬಂಕಿನ ನೆಲದಡಿ ಸಾವಿರಾರು ಲೀಟರ್ ಇಂಧನದ ಟ್ಯಾಂಕ್ ಹೂಳುತ್ತಾರೆ. ಪಕ್ಕದ ಹೊಲದ ಬೋರ್‌ವೆಲ್ ನೀರನ್ನು ನಾವೂ ಕುಡಿಯುತ್ತೇವೆ, ಹಸುಗಳಿಗೂ ಕುಡಿಸುತ್ತೇವೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಎಂಬುದು ದಿನಾ ಫ್ಯಾಟು, ಎಸ್‌ಎನ್‌ಎಫ್ ನೋಡುವ ನಮಗೆ ಹೊಸದಲ್ಲ.

ಟ್ಯಾಂಕೋ ಪೈಪೋ ಸೋರಿದರೆ ಮೇಲೆ ಏನೂ ಕಾಣುವುದಿಲ್ಲ. ಪೆಟ್ರೋಲ್ ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲೆ ಸಾರಿನ ಮೇಲಿನ ಎಣ್ಣೆಯಂತೆ ತೇಲುತ್ತದೆ. ಅದರಲ್ಲಿರುವ ಬೆಂಜೀನ್ ನೀರಿಗೆ ಕರಗಿ, ನೀರು ಹರಿದತ್ತ ಹೋಗುತ್ತದೆ. ಇದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಕಡಿಮೆ ಇದ್ದರೆ ಮೂಗಿಗೆ ತಿಳಿಯುವುದಿಲ್ಲ. ಕುದಿಸಿದರೆ ಅದರ ಆವಿ ನಮ್ಮ ಅಡುಗೆಮನೆಯಲ್ಲೇ ತುಂಬುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಲಿಸಿಕೊಟ್ಟ ನೀರು ಪರೀಕ್ಷೆಯ ಕಿಟ್ ಒಳ್ಳೆಯದೇ, ಆದರೆ ಅದು ಫ್ಲೋರೈಡ್, ನೈಟ್ರೇಟ್ ತೋರಿಸುತ್ತದೆ, ಬೆಂಜೀನ್ ತೋರಿಸುವುದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊಸ ಬಂಕ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಶಾಲೆ, ಆಸ್ಪತ್ರೆ, ಮನೆಗಳಿಂದ 50 ಮೀಟರ್ ದೂರವಿರಬೇಕು. ಸರಿ. ಆದರೆ ನಮ್ಮ ಬಯಲುಸೀಮೆಯದು ಗಟ್ಟಿ ಬಂಡೆಯ ನೆಲ, ನೀರು ಹರಿಯುವುದು ಬಿರುಕುಗಳಲ್ಲಿ. ಹತ್ತಿರದ ಬೋರ್‌ವೆಲ್ ಉಳಿದು ದೂರದ್ದು ಕೆಡಬಹುದು. ಮೀಟರ್ ಲೆಕ್ಕ ನಂಬಿ ಕೂರುವಂತಿಲ್ಲ.

ಕೆಟ್ಟ ಮೇಲೆ ಸರಿಮಾಡುವುದು ಸುಲಭವೂ ಅಲ್ಲ. ಮೊದಲು ಸೋರಿಕೆ ನಿಲ್ಲಿಸಬೇಕು, ತೇಲುವ ಇಂಧನ ಎತ್ತಬೇಕು, ಮಣ್ಣಿನೊಳಗಿನ ಆವಿ ಹೀರಬೇಕು, ನೀರನ್ನು ಮೇಲೆತ್ತಿ ಇದ್ದಿಲಿನ ಫಿಲ್ಟರ್‌ನಲ್ಲಿ ಹಾಯಿಸಬೇಕು. ವರ್ಷಗಟ್ಟಲೆ ನಡೆಯುವ ಕೆಲಸ. ಅಮೆರಿಕದ ಸಾಂತಾ ಮೋನಿಕಾ ನಗರವನ್ನೇ ನೋಡಿ. ಬಂಕ್‌ಗಳ ಟ್ಯಾಂಕ್ ಸೋರಿ, ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಊರಿನ ಕುಡಿಯುವ ನೀರಿನ ಬಾವಿಗಳಿಗೆ ಸೇರಿತು. 1996ರಲ್ಲಿ ಮುಚ್ಚಿದ ಬಾವಿಗಳಿಗೆ ಶುದ್ಧೀಕರಣ ಘಟಕ ಸಿದ್ಧವಾಗುವಾಗ 2010 ಬಂದಿತ್ತು. ತೈಲ ಕಂಪನಿಗಳ ಮೇಲೆ ದಾವೆ ಹೂಡಿ ಹಣ ವಸೂಲಿ ಮಾಡಲು ಆ ನಗರಕ್ಕೆ ಶಕ್ತಿಯಿತ್ತು. ಎರಡು ಹಸು ಕಟ್ಟಿಕೊಂಡ ನಮಗೆ?

ಅದಕ್ಕೇ ನನ್ನ ಮಾತು: ಬಂಕ್ ಶುರುವಾಗುವ ಮೊದಲೇ ಸುತ್ತಲಿನ ಬೋರ್‌ವೆಲ್ ನೀರನ್ನು ಬೆಂಜೀನ್‌ಗಾಗಿ ಪರೀಕ್ಷೆ ಮಾಡಿಸಬೇಕು. ಮೊದಲ ವರದಿ ಇಲ್ಲದಿದ್ದರೆ ನಾಳೆ "ಮೊದಲಿಂದಲೂ ಹೀಗೇ ಇತ್ತು" ಎಂದುಬಿಡುತ್ತಾರೆ. ಬಂಕಿನ ಆವರಣದಲ್ಲಿ ಟ್ಯಾಂಕಿನ ಸುತ್ತ ವೀಕ್ಷಣಾ ಬಾವಿಗಳಿರಬೇಕು. ಅವು ನೀರಿನ ಮಟ್ಟದವರೆಗೆ ಇಳಿಸಿದ ತೂತಿನ ಸಣ್ಣ ಪೈಪುಗಳು, ಅಷ್ಟೇ. ಅದರ ನೀರಿನ ವರದಿ ವರ್ಷಕ್ಕೆರಡು ಬಾರಿಯಾದರೂ ಪಂಚಾಯಿತಿಗೆ ಬರಲಿ. ಬಂಕಿಗೆ ನಿರಾಕ್ಷೇಪಣಾ ಪತ್ರ ಕೊಡುವುದು ಜಿಲ್ಲಾಡಳಿತ. ಅರ್ಜಿ ಇನ್ನೂ ಅಲ್ಲಿರುವಾಗಲೇ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಬೇಕು. ಗಂಡಸರು ಬಾಡಿಗೆ ಎಷ್ಟು ಎಂದು ಕೇಳುತ್ತಾರೆ, ನೀರಿನ ಮಾತನ್ನು ನಾವೇ ಎತ್ತಬೇಕು.

ಒಕ್ಕೂಟಕ್ಕೂ ಒಂದು ಬೇಡಿಕೆ. ಈ ಪರೀಕ್ಷೆಯ ಖರ್ಚು ಒಬ್ಬೊಬ್ಬರ ಕೈಗೆ ಎಟುಕುವುದಲ್ಲ. ಬಂಕ್ ಪಕ್ಕದ ಸದಸ್ಯೆಯರ ಬೋರ್‌ವೆಲ್‌ಗಳ ಪಟ್ಟಿ ಮಾಡಿ, ಸಂಘದ ಮೂಲಕವೇ ಮಾದರಿ ಕಳಿಸಲಿ. ಬೆಂಜೀನ್ ಹಾರಿಹೋಗುವುದರಿಂದ ಪ್ರಯೋಗಾಲಯ ಕೊಟ್ಟ ಗಾಜಿನ ಬಾಟಲಿಯಲ್ಲೇ, ಗುಳ್ಳೆಯಿಲ್ಲದಂತೆ ಅಂಚಿನವರೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಹಾಲಿನ ಮಾದರಿಯನ್ನು ಜೋಪಾನವಾಗಿ ಒಯ್ಯುವ ನಮ್ಮ ಸಂಘಗಳಿಗೆ ಇದು ಬಾರದ ಕೆಲಸವೇನಲ್ಲ.