ಉದ್ಯೋಗದ ಅಂಕಣವನ್ನು ಓದುವ ಬಗೆ

ವಂಶವೃಕ್ಷವನ್ನು ಬರೆದಿಡುವ ಹವ್ಯಾಸವು ನಮ್ಮ ವಿದ್ಯಾವಂತ ಬಂಧುಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಪೂರ್ವಿಕರ ಹೆಸರುಗಳನ್ನು ಕಲೆಹಾಕುವಾಗ ತೋರುವ ಶ್ರದ್ಧೆಯನ್ನು, ಅವರು ಯಾವ ಕೆಲಸದಿಂದ ಜೀವನ ಸಾಗಿಸಿದರೆಂದು ತಿಳಿಯುವುದರಲ್ಲಿ ನಾವು ತೋರುವುದಿಲ್ಲ. ಹಳೆಯ ದಾಖಲೆಯಲ್ಲಿ ಕಂಡ ಉದ್ಯೋಗದ ಪದಕ್ಕೆ ಇಂದಿನ ಅರ್ಥವನ್ನೇ ಹಚ್ಚಿ ಮುಂದೆ ಸಾಗುತ್ತೇವೆ. ಈ ಕ್ರಮವು ಸರಿಯಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.

ಇದಕ್ಕೆ ಇಂಗ್ಲೆಂಡಿನ ಜನಗಣತಿಯು ಒಳ್ಳೆಯ ನಿದರ್ಶನ. ಮನೆಮನೆಯ ಹೆಸರು, ವಯಸ್ಸು, ಉದ್ಯೋಗಗಳನ್ನು ದಾಖಲಿಸಿದ 1841ರಿಂದ 1921ರವರೆಗಿನ ಅಲ್ಲಿಯ ಗಣತಿ ದಾಖಲೆಗಳು ಇಂದು ಸಾರ್ವಜನಿಕರ ಪರಿಶೀಲನೆಗೆ ದೊರೆಯುತ್ತವೆ. 1841ರ ಪುಸ್ತಕಗಳಲ್ಲಿ ಪುಟಪುಟಕ್ಕೂ ಕಾಣುವ ‘ಆ್ಯಗ್. ಲ್ಯಾಬ್.’ ಎಂಬ ಸಂಕ್ಷೇಪಕ್ಕೂ ಪ್ರಯೋಗಶಾಲೆಗೂ ಸಂಬಂಧವಿಲ್ಲ. ಅದರ ಅರ್ಥ ಕೃಷಿ ಕೂಲಿಕಾರ. ‘ಇಂಡ್.’ ಎಂದರೆ ಸ್ವಂತ ವರಮಾನದಿಂದ ಬಾಳುವವರು. ಅವರೆಲ್ಲ ಸಿರಿವಂತರೇ ಆಗಿರಬೇಕೆಂದಿಲ್ಲ. 1851ರಲ್ಲಿ ‘ಸ್ಕಾಲರ್’ ಎಂದು ಬರೆಸಿಕೊಂಡವನು ಪಂಡಿತನಲ್ಲ, ಪಾಠ ಕಲಿಯುವ ಬಾಲಕ. ‘ಟೈಡ್ ವೇಟರ್’ ಹೋಟೆಲಿನ ಮಾಣಿಯಲ್ಲ. ಬಂದರಿಗೆ ಬಂದ ಹಡಗುಗಳನ್ನು ಏರಿ, ಸುಂಕ ತಪ್ಪಿಸದಂತೆ ಕಾಯುವ ಸುಂಕದ ಕಟ್ಟೆಯ ನೌಕರ. ‘ಮಂಥ್ಲಿ ನರ್ಸ್’ ಎಂಬಾಕೆ ಹೆರಿಗೆಯಾದ ಮೊದಲ ತಿಂಗಳು ತಾಯಿ ಮಗುವಿನ ಆರೈಕೆ ಮಾಡುವವಳು. ಬಾಣಂತನವನ್ನು ಬಲ್ಲ ನಮಗೆ ಇವಳ ಕೆಲಸದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಪದಗಳ ಅರ್ಥ ಕಾಲಕಾಲಕ್ಕೆ ಬದಲಾಗುವುದು ನಮ್ಮಲ್ಲಿಯೂ ಉಂಟು. ಇಂದು ಗುಮಾಸ್ತನೆಂದರೆ ಕಚೇರಿಯ ಕಾರಕೂನ. 18ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನು ನೇಕಾರರಿಗೆ ಮುಂಗಡ ಕೊಟ್ಟು, ಬಟ್ಟೆಯನ್ನು ವಸೂಲು ಮಾಡುತ್ತಿದ್ದ ಅಧಿಕಾರಯುತ ಪ್ರತಿನಿಧಿ.

ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ನಮೂದು ಅರ್ಥವಾಗದಿದ್ದರೆ ನಾವು ವೋಚರನ್ನು ತೆಗೆದು ನೋಡುತ್ತೇವೆ. ಊಹೆಯಿಂದ ಲೆಕ್ಕ ಮುಗಿಸುವುದಿಲ್ಲ. ಗಣತಿಯ ದಾಖಲೆಗೂ ಈ ನ್ಯಾಯವೇ ಸಲ್ಲತಕ್ಕದ್ದು. ವ್ಯಕ್ತಿಯ ವಯಸ್ಸೆಷ್ಟು, ಆ ಊರಿನ ಮುಖ್ಯ ಕಸುಬು ಯಾವುದು, ನೆರೆಮನೆಯವರು ಏನು ಬರೆಸಿದ್ದಾರೆ, ಹತ್ತು ವರ್ಷಗಳ ಅನಂತರ ಅದೇ ವ್ಯಕ್ತಿ ಏನು ಬರೆಸಿದನು, ಎಲ್ಲಕ್ಕೂ ಮಿಗಿಲಾಗಿ ಗಣತಿದಾರನಿಗೆ ಸರ್ಕಾರವು ಕೊಟ್ಟ ಸೂಚನೆ ಏನು ಎಂಬುದನ್ನು ನೋಡಬೇಕು.

ಈ ಸೂಚನೆಯನ್ನು ಮರೆತರೆ ಆಗುವ ಅನ್ಯಾಯ ಸಾಮಾನ್ಯವಾದುದಲ್ಲ. 1841ರಲ್ಲಿ ಪತ್ನಿಯ ವೃತ್ತಿಯನ್ನೂ, ಕೂಲಿ ಪಡೆಯದೆ ತಂದೆತಾಯಿಗಳಿಗೆ ನೆರವಾಗುವ ಮಕ್ಕಳ ವೃತ್ತಿಯನ್ನೂ ಬರೆಯಬೇಕಾಗಿಲ್ಲವೆಂದೇ ಸೂಚನೆಯಿತ್ತು. ಆದುದರಿಂದ ಅಂಕಣ ಖಾಲಿಯಿದ್ದರೆ ಆಕೆ ಕೈಕಟ್ಟಿ ಕುಳಿತಿದ್ದಳೆಂದು ತೀರ್ಮಾನಿಸುವುದು ಎಷ್ಟರ ಮಟ್ಟಿಗೆ ಸರಿ? ನಮ್ಮ ದೇಶದ ಗಣತಿಯೂ ಇದಕ್ಕೆ ಹೊರತಲ್ಲ. 1971ರಲ್ಲಿ ಪ್ರತಿಯೊಬ್ಬರ ಪ್ರಧಾನ ಚಟುವಟಿಕೆ ಯಾವುದೆಂದು ಮೊದಲು ಕೇಳಿದ ಕಾರಣ, ಮನೆಗೆಲಸದೊಡನೆ ಹೊಲದಲ್ಲಿಯೂ ದುಡಿಯುತ್ತಿದ್ದ ಅಸಂಖ್ಯ ಸ್ತ್ರೀಯರು ದುಡಿಯದವರ ಸಾಲಿಗೆ ಸೇರಿದರು. 1961ಕ್ಕೆ ಹೋಲಿಸಿದರೆ ದುಡಿಯುವ ಮಹಿಳೆಯರ ಸಂಖ್ಯೆ ತೀವ್ರವಾಗಿ ಕುಸಿಯಿತು. ಕುಸಿತಕ್ಕೆ ಬಹುಮಟ್ಟಿಗೆ ಪ್ರಶ್ನೆಯ ಬದಲಾವಣೆಯೇ ಕಾರಣವಾಗಿತ್ತು. ಹೊಲದ ಕಳೆಯನ್ನು ಕೀಳುವ ಕೈಗಳು ನಿಂತಿರಲಿಲ್ಲ. 1981ರಲ್ಲಿ ಮುಖ್ಯ ಕೆಲಸಗಾರರು, ಅಲ್ಪಾವಧಿ ಕೆಲಸಗಾರರು ಎಂದು ವಿಂಗಡಿಸಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಲಾಯಿತು.

ನಮ್ಮ ಮೊಮ್ಮಕ್ಕಳಿಗೆ ಇಂಗ್ಲೆಂಡಿನವರಿಗಿರುವ ಅನುಕೂಲವೂ ಇಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಗಣತಿದಾರರ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಗೋಪ್ಯತೆಯ ದೃಷ್ಟಿಯಿಂದ ಅದು ಯುಕ್ತವೇ. ಆದರೆ ಇದರಿಂದ ನಮ್ಮ ಮೇಲೆ ಒಂದು ಹೊಣೆ ಬೀಳುತ್ತದೆ. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದು ನೆಲೆಸಿದ ನಮ್ಮ ಹಿರಿಯರು ಏನೇನು ಕೆಲಸ ಮಾಡಿದರೆಂಬುದನ್ನು, ಅವರು ನಮ್ಮೊಡನಿರುವಾಗಲೇ ಕೇಳಿ ಬರೆದಿಡಬೇಕು. ಹಾಗೆ ಬರೆಯುವಾಗ ಅಜ್ಜಿಯ ಹೆಸರಿನ ಮುಂದೆ ಕೇವಲ ‘ಗೃಹಿಣಿ’ ಎಂದು ಬರೆದು ಮುಗಿಸಬಾರದು. ಹಪ್ಪಳ ಮಾರಿ ಮಕ್ಕಳನ್ನು ಓದಿಸಿದ್ದರೆ ಅದನ್ನೂ, ಹೊಲಿಗೆ ಯಂತ್ರದಿಂದ ಮನೆಯ ಬಾಡಿಗೆ ಕಟ್ಟಿದ್ದರೆ ಅದನ್ನೂ, ಊರು ಮತ್ತು ಇಸವಿಯ ಸಹಿತ ನಮೂದಿಸಬೇಕೆಂದು ವಾಚಕರಲ್ಲಿ ನನ್ನ ವಿನಂತಿ.