ಪೋಷಕರಿಗೆ ಬಿಡುವಿಲ್ಲದ ಹೊತ್ತಿನಲ್ಲಿ ಪೋಷಕರ ಸಭೆ

ಹೊಸ ಶೈಕ್ಷಣಿಕ ವರ್ಷದೊಂದಿಗೆ ಸರ್ಕಾರಿ ಶಾಲೆಗಳಲ್ಲಿ ಪೋಷಕರ ಸಭೆಗಳ ಕಾಲವೂ ಬರುತ್ತದೆ. ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾನು ಕಂಡಂತೆ ಈ ಸಭೆಗಳಿಗೆ ಗೊತ್ತುಪಡಿಸುವ ಸಮಯ ಕೆಲಸದ ದಿನದ ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ತಂದೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯಲ್ಲಿರುತ್ತಾನೆ. ತಾಯಿ ನಾಲೆ ಬಯಲಿನ ಗದ್ದೆಯಲ್ಲಿ ನಾಟಿಗೋ ಕಳೆಗೋ ಹೋಗಿರುತ್ತಾಳೆ. ಒಂದು ದಿನದ ಕೂಲಿ ಬಿಟ್ಟು ಬರಬೇಕಾದ ಸಭೆಗೆ ಅವರು ಬಾರದಿದ್ದರೆ, ಅದನ್ನು ಪೋಷಕರ ನಿರಾಸಕ್ತಿ ಎಂದು ದಾಖಲಿಸುವುದು ನಮ್ಮ ಆಡಳಿತದ ಹಳೆಯ ಚಾಳಿ.

ಈ ಸಮಿತಿಗಳೇನೂ ಅಲಂಕಾರಕ್ಕೆ ಹುಟ್ಟಿದವಲ್ಲ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ರಾಜ್ಯ ಸರ್ಕಾರ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಜನರ ಬಾಯಲ್ಲಿನ ಎಸ್‌ಡಿಎಂಸಿಗಳನ್ನು, ಜಾರಿಗೆ ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಗೆ ಶಾಸನದ ಬಲ ನೀಡಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು; ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಪ್ರಮಾಣಾನುಗುಣ ಸ್ಥಾನವಿರಬೇಕು. ಅದೇ ಕಾಯ್ದೆಯ 22ನೇ ಪ್ರಕರಣವನ್ನು ಗಮನವಿಟ್ಟು ಓದಿದವರು ವಿರಳ. ಸಮಿತಿ ಸಿದ್ಧಪಡಿಸುವ ಶಾಲಾಭಿವೃದ್ಧಿ ಯೋಜನೆಯೇ ಸರ್ಕಾರದ ಯೋಜನೆ ಹಾಗೂ ಅನುದಾನಗಳಿಗೆ ಆಧಾರವಾಗತಕ್ಕದ್ದು ಎನ್ನುತ್ತದೆ ಅದು. ಸೋರುವ ಕೊಠಡಿ, ನೀರಿಲ್ಲದ ಶೌಚಾಲಯ, ತುಂಬದೆ ಉಳಿದ ಶಿಕ್ಷಕರ ಹುದ್ದೆ ಇವೆಲ್ಲ ಮೊದಲು ಕಾಗದಕ್ಕಿಳಿಯಬೇಕಾದುದು ಈ ಸಭೆಯಲ್ಲಿ.

ಸೇವೆಯಲ್ಲಿದ್ದಾಗ ಒಮ್ಮೆ ಈ ಭಾಗದ ಶಾಲೆಯೊಂದರ ನಡಾವಳಿ ಪುಸ್ತಕ ತರಿಸಿ ನೋಡಿದೆ. ಶಾಲೆಯ ಹೆಸರು ಬೇಡ. ಹಾಜರಿ ನೂರಕ್ಕೆ ನೂರು. ಪುಸ್ತಕವನ್ನು ಸಂಜೆ ಮನೆಮನೆಗೆ ಒಯ್ದು ಸಹಿ, ಹೆಬ್ಬೆಟ್ಟು ಪಡೆಯಲಾಗಿತ್ತೆಂಬುದು ಸದಸ್ಯೆಯೊಬ್ಬರಿಂದಲೇ ತಿಳಿಯಿತು. ‘ಯಾಕೆ ಅಂತ ಕೇಳ್ನಿಲ್ಲ ಸ್ವಾಮಿ, ಮೇಷ್ಟ್ರು ಹೇಳುದ್ರು, ಒತ್ಬುಟ್ಟೆ’ ಎಂದರು ಆಕೆ. ಮುಖ್ಯ ಶಿಕ್ಷಕರನ್ನು ದೂರುವುದು ಸುಲಭ. ಆದರೆ ಸಭೆ ನಡೆಯಿತೇ ಇಲ್ಲವೇ ಎಂಬುದಷ್ಟೇ ನಮ್ಮ ವರದಿಯ ನಮೂನೆಗೆ ಬೇಕಿತ್ತು. ಅಲ್ಲಿ ಯಾರು ಏನು ಮಾತನಾಡಿದರೆಂದು ನಾನೂ ಅಲ್ಲಿಯವರೆಗೆ ಕೇಳಿದವನಲ್ಲ.

ಸಂಸ್ಥೆಯೊಂದು ಹದಗೆಟ್ಟಾಗ ಜನರಿಗಿರುವ ದಾರಿ ಎರಡು, ಹೊರನಡೆಯುವುದು ಅಥವಾ ದನಿ ಎತ್ತುವುದು ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು. ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರೇ ಮೊದಲು ಹೊರನಡೆದರೆ ಉಳಿದವರ ದನಿ ಕುಗ್ಗುತ್ತದೆ ಎಂಬುದಕ್ಕೆ ಅವರು ಕೊಟ್ಟ ನಿದರ್ಶನಗಳಲ್ಲಿ ಸರ್ಕಾರಿ ಶಾಲೆಯೂ ಒಂದು. ಹಳ್ಳಿಗಳಿಂದ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗಳತ್ತ ಬೆಳಿಗ್ಗೆ ಹೊರಡುವ ಹಳದಿ ವಾಹನಗಳನ್ನು ಕಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಊರಿನಲ್ಲಿ ಮಾತು ನಡೆಯುವವರ ಮಕ್ಕಳು ಬಹುಪಾಲು ಅವುಗಳಲ್ಲಿದ್ದಾರೆ. ನನ್ನ ಮಕ್ಕಳೂ ಸರ್ಕಾರಿ ಶಾಲೆಯಲ್ಲಿ ಓದಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಉಳಿದ ಕೂಲಿಕಾರ ಪೋಷಕರಿಗೆ ಹೊರನಡೆಯುವ ಶಕ್ತಿಯಿಲ್ಲ. ದನಿ ಎತ್ತಲು ಇರುವ ಒಂದೇ ಸಭೆಯೂ ಅವರಿಗೆ ನಿಲುಕದ ಹೊತ್ತಿನಲ್ಲಿ ನಡೆಯುತ್ತದೆ.

ಸಮುದಾಯದ ಸಹಭಾಗಿತ್ವ ಎಂದೊಡನೆ ಅಧಿಕಾರಿ ವರ್ಗಕ್ಕೆ ನೆನಪಾಗುವುದು ಹಣ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಸಮಿತಿಗಳಿಗೆ ಅವಕಾಶವಿತ್ತ ಸುತ್ತೋಲೆ, ತೀವ್ರ ವಿರೋಧದ ಬಳಿಕ ಕೆಲವೇ ದಿನಗಳಲ್ಲಿ ವಾಪಸಾಯಿತು. ದೇಣಿಗೆ ಕೇಳುವ ಮುನ್ನ ಬಂದ ಅನುದಾನದ ಲೆಕ್ಕವನ್ನು ಪೋಷಕರ ಮುಂದಿಡುವ ಯೋಚನೆ ಬಂದಿದ್ದರೆ ಚೆನ್ನಿತ್ತು.

ಸಭೆಯ ವೇಳೆ ಬದಲಿಸಲು ಅನುದಾನವೂ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಎರಡೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮುಂಬರುವ ಸಭೆಗಳನ್ನು ಸಂಜೆಗೆ ಅಥವಾ ಭಾನುವಾರಕ್ಕೆ ನಿಗದಿಪಡಿಸಿ, ಹಾಜರಾಗುವ ಶಿಕ್ಷಕರಿಗೆ ಬದಲಿ ರಜೆ ನೀಡಬಹುದು. ಗ್ರಾಮ ಪಂಚಾಯಿತಿಗಳು ಮುನ್ನಾದಿನ ಡಂಗುರ ಹಾಕಿಸಲಿ. ವರ್ಷದ ಅನುದಾನ, ಖರ್ಚು ಎರಡನ್ನೂ ಶಾಲೆಯ ಗೋಡೆಯ ಮೇಲೆ ಬರೆಸಲಿ. ನಡಾವಳಿಯನ್ನು ಬರೆದ ಮೇಲೆ ಸಭೆಯಲ್ಲಿಯೇ ಗಟ್ಟಿಯಾಗಿ ಓದಿ ಹೇಳಿ, ಆನಂತರವಷ್ಟೇ ಹೆಬ್ಬೆಟ್ಟು ಪಡೆಯಲಿ.