ಕಂಪ್ಯೂಟರ್ ಕೊಠಡಿಯ ಬೀಗದಕೈ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರುಗಳಲ್ಲಿ ನನ್ನಿಂದ ಪಾಠ ಕೇಳಿದ ನಿಮ್ಮಲ್ಲಿ ಹಲವರು ಇಂದು ಕಂಪ್ಯೂಟರ್ ಉದ್ಯೋಗದಲ್ಲಿದ್ದೀರಿ. ಬಿ.ಎಸ್ಸಿ. ಮುಗಿಸಿ ಎಂ.ಸಿ.ಎ. ಸೇರಿ ಮೇಲೆ ಬಂದವರೂ ಇದ್ದೀರಿ. ಆ ಹಾದಿಯನ್ನು ತೆರೆದ ಮೇಷ್ಟರೊಬ್ಬರ ವಿಷಯವನ್ನು ಇಂದು ಬರೆಯಬೇಕೆನಿಸಿದೆ. ಅವರೇ 2025ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಿಧನರಾದ ಪ್ರೊ. ವಿ. ರಾಜಾರಾಮನ್.

1933ರಲ್ಲಿ ಈರೋಡಿನಲ್ಲಿ ಹುಟ್ಟಿದ ಅವರು ದೆಹಲಿಯಲ್ಲಿ ಭೌತಶಾಸ್ತ್ರವನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂವಹನ ಶಾಸ್ತ್ರವನ್ನೂ ಓದಿದರು. ಬಳಿಕ ಅಮೆರಿಕಕ್ಕೆ ತೆರಳಿ, 1961ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿಯೇ ನೆಲೆಸಬಹುದಾಗಿದ್ದ ಅವರು 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಅಧ್ಯಾಪಕರಾಗಿ ಬಂದರು.

ಅದೇ ವರ್ಷ ಆ ಸಂಸ್ಥೆಗೆ ಐ.ಬಿ.ಎಂ. 1620 ಎಂಬ ಕಂಪ್ಯೂಟರ್ ಬಂತು. ವಿಮಾನದಲ್ಲಿ ಬಂದಿಳಿದ ಆ ಯಂತ್ರವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂದು ಅಲ್ಲಿನವರು ಹೇಳುತ್ತಾರೆ. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಮುಂದಿನ ಸಂಗತಿ. ಅಷ್ಟು ದುಬಾರಿಯಾದ, ದೇಶದಲ್ಲಿ ಅಪರೂಪವಾದ ಆ ಯಂತ್ರವನ್ನು ಅವರು ವಿದ್ಯಾರ್ಥಿಗಳಿಗೆ ತೆರೆದಿಟ್ಟರು. ಹುಡುಗರು ತಾವೇ ಕಾರ್ಡುಗಳಿಗೆ ರಂಧ್ರ ಹೊಡೆದು, ತಮ್ಮ ಪ್ರೋಗ್ರಾಮನ್ನು ತಾವೇ ನಡೆಸಿ, ತಪ್ಪು ಮಾಡಿ ತಿದ್ದಿಕೊಂಡು ಕಲಿತರು. 1965ರಲ್ಲಿ ರಾಜಾರಾಮನ್ ಸಹೋದ್ಯೋಗಿಗಳೊಡನೆ ಅಲ್ಲಿ ಸ್ನಾತಕೋತ್ತರ ಮಟ್ಟದ ಕಂಪ್ಯೂಟರ್ ವಿಜ್ಞಾನದ ಬೋಧನೆಯನ್ನು ಆರಂಭಿಸಿದರು. ಭಾರತದಲ್ಲಿ ಈ ವಿಷಯದ ಕ್ರಮಬದ್ಧ ಶಿಕ್ಷಣಕ್ಕೆ ಅದೇ ನಾಂದಿ.

ವಿದೇಶಿ ಪುಸ್ತಕಗಳು ನಮ್ಮ ಮಕ್ಕಳ ಕೈಗೆಟುಕವೆಂಬುದನ್ನು ಅರಿತು ಅವರೇ ಸರಳ ಪಠ್ಯಗಳನ್ನು ಬರೆದರು. 1969ರಲ್ಲಿ ಬಂದ ಅವರ ಮೊದಲ ಪ್ರೋಗ್ರಾಮಿಂಗ್ ಪುಸ್ತಕ ಸುಲಭ ಬೆಲೆಯದಾಗಿತ್ತು. ಅನಂತರದ ಪುಸ್ತಕಗಳನ್ನೂ ದೇಶದ ತಲೆಮಾರುಗಳು ಓದಿದವು. ಎಂಬತ್ತರ ದಶಕದ ಆರಂಭದಲ್ಲಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ ಎಂ.ಸಿ.ಎ. ಶಿಕ್ಷಣ ಹುಟ್ಟಿತು. ಎಂಜಿನಿಯರಿಂಗ್ ಸೀಟು ದೊರೆಯದ ಪದವೀಧರನಿಗೂ ಈ ಕ್ಷೇತ್ರದ ಬಾಗಿಲು ತೆರೆಯಿತು. 1982ರಿಂದ 1994ರವರೆಗೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್ ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥರಾಗಿದ್ದರು. 1998ರಲ್ಲಿ ಪದ್ಮಭೂಷಣ ಬಂತು.

ಇದನ್ನೆಲ್ಲ ಓದಿದಾಗ ನನ್ನ ಮನಸ್ಸಿಗೆ ಅಳುಕಾಯಿತು. 2003ರ ಸುಮಾರಿಗೆ ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಗೆ ಹತ್ತು ಕಂಪ್ಯೂಟರುಗಳು ಬಂದವು. ಧೂಳು ತಾಗದಂತೆ ಹೊದಿಕೆ ಹೊದಿಸಿ, ಆಯುಧಪೂಜೆಯಂದು ಕುಂಕುಮವಿಟ್ಟು, ಕೊಠಡಿಗೆ ಬೀಗ ಹಾಕಿಸಿದೆ. ಬೀಗದಕೈ ನನ್ನ ಜೇಬಿನಲ್ಲಿತ್ತು. ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬ, "ಸಾರ್, ಒಂದ್ಸಲ ಮುಟ್ಟಿ ನೋಡ್ಲಾ?" ಎಂದು ಕೇಳಿದ. "ಕೆಟ್ಟರೆ ಯಾರಪ್ಪಾ ಜವಾಬ್ದಾರಿ?" ಎಂದು ಕಳುಹಿಸಿಬಿಟ್ಟೆ. ಅವನು ಮತ್ತೆ ಕೇಳಲಿಲ್ಲ. ನಾನು ನಿವೃತ್ತನಾದ ದಿನ ಪ್ರಭಾರದ ಪಟ್ಟಿಯಲ್ಲಿ "ಹತ್ತು ಕಂಪ್ಯೂಟರ್, ಸುಸ್ಥಿತಿಯಲ್ಲಿವೆ" ಎಂದು ಬರೆದು ಸಹಿ ಹಾಕಿದೆ. ಅಂದು ಅದನ್ನು ಹೆಮ್ಮೆಯೆಂದೇ ಭಾವಿಸಿದ್ದೆ.

ದಾಸ್ತಾನು ಪುಸ್ತಕದ ಭಯ ನನ್ನೊಬ್ಬನದಲ್ಲ ಎಂಬುದು ನಿಜ. ಯಂತ್ರ ಕೆಟ್ಟರೆ ಶಿಕ್ಷಕನನ್ನು ಕೇಳುವವರಿದ್ದಾರೆ, ಮಗು ಕಲಿಯದೆ ಹೋದರೆ ಕೇಳುವವರಿಲ್ಲ. ಆದರೂ ಭಯ ನೆಪವಾಗಬಾರದು. ಉಪಕರಣ ಬಳಸಿ ಸವೆದರೆ ಅದು ನಷ್ಟವಲ್ಲ, ಮಗುವಿನ ಕುತೂಹಲ ಆರಿಹೋದರೆ ಅದು ನಿಜವಾದ ನಷ್ಟ. ಅಧ್ಯಾಪಕನ ಯೋಗ್ಯತೆಯನ್ನು ಅವನು ಎಷ್ಟು ಮಕ್ಕಳಿಗೆ ಬಾಗಿಲು ತೆರೆದ ಎಂಬುದರಿಂದ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಪ್ರಿಯ ವಿದ್ಯಾರ್ಥಿಗಳೇ, ಊರಿಗೆ ಬಂದಾಗ ನಿಮ್ಮ ಹಳೆಯ ಶಾಲೆಗೆ ಹೊಸ ಯಂತ್ರ ಕೊಡಿಸುವ ಮುನ್ನ, ಇರುವ ಕೊಠಡಿ ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆಂದು ವಿಚಾರಿಸಿ. ಒಂದು ಗಂಟೆ ಮಕ್ಕಳ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿಯೇ ವಿವರಿಸಿ. ಅಂದು ನನ್ನ ಬಳಿ ಕೇಳಿದ ಆ ಹುಡುಗ ಇದನ್ನು ಓದುತ್ತಿದ್ದರೆ, ಅವನಲ್ಲಿ ನಾನು ಕ್ಷಮೆ ಕೋರುತ್ತೇನೆ.